ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ?

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ರಿಲೀಸು, ಪ್ರೊಡಕ್ಷನ್ ಬಗ್ಗು, ಮತ್ತೆ ರಿಲೀಸು... ಸೋಮಾರಿತನಕ್ಕೆ ಇಷ್ಟು ನೆಪ ಸಾಕು ಅಲ್ವಾ? :) ಇವತ್ತು ಬರೆಯೋಕೆ ಕೂತಿದ್ದು ಮಾತ್ರ ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ. ಎರಡು ವಾರದಿಂದ ಅದು ತಲೇಲಿ ಕೊರೀತಾ ಇದೆ.

ಜುಲೈ ನಾಲ್ಕರ ರಜೆಗೆ ನಾನು, ನನ್ನ ರೂಮ್‌ಮೇಟು, ಆಫೀಸಿನ ಇನ್ನಿಬ್ಬರು ಸೇರಿ ಮ್ಯಾಮತ್ ಲೇಕ್ಸ್‌ಗೆ ಹೋಗಿದ್ವಿ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಸಾಲಿನ ಪೂರ್ವದ ಮಗ್ಗುಲಲ್ಲಿ, ಸುಮಾರು 2400 ಮೀಟರ್ ಎತ್ತರದಲ್ಲಿರೋ ಊರು ಅದು. ಚಳಿಗಾಲದಲ್ಲಿ ಸ್ಕೀಯಿಂಗ್, ಬೇಸಿಗೇಲಿ ಟ್ರೌಟ್ ಮೀನು. ರೂಮ್‌ಮೇಟು ಮಂಗಳೂರಿನವನು, ಮೀನು ಅಂದ್ರೆ ಅರ್ಧ ರಾತ್ರೀಲೂ ಎದ್ದು ಕೂರೋ ಜಾತಿ. ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವನು. ಮಳೆಗಾಲದಲ್ಲಿ ಹಳ್ಳದ ಮೀನು ತಿಂದೇ ಬೆಳೆದಿದ್ದು. ಹಾಗಾಗಿ ಗಾಳ ಹಿಡಿಯೋದು ನಮಗೇನೂ ಹೊಸದಲ್ಲ ಅನ್ನೋ ಜಂಬ ಇಬ್ಬರಿಗೂ ಇತ್ತು.

ವಾಪಸ್ ಬಂದ ಮೇಲೆ ಮನೆಗೆ ಫೋನ್ ಮಾಡಿ, ದೊಡ್ಡದೊಂದು ಮೀನು ಸಿಕ್ಕಿತ್ತು, ವಾಪಸ್ ನೀರಿಗೆ ಬಿಟ್ಟೆ ಅಂತ ಖುಷಿಯಲ್ಲಿ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು ಕೇಳಿದ್ರು: "ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕಾ?" ಹಿಂದಿನಿಂದ ಅಪ್ಪಯ್ಯನ ಧ್ವನಿ: "ಬಾಯಿಗೆ ಕೊಕ್ಕೆ ಚುಚ್ಚಿ, ಆಮೇಲೆ ದೊಡ್ಡ ಮನಸ್ಸು ಮಾಡಿ ಬಿಟ್ಟನಂತೆ. ಅದ್ಯಾವ ಸೀಮೆ ಧರ್ಮನೋ!"

ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ ಅನ್ನಿಸ್ತಿದೆ. ಪೂರ್ತಿ ಅಲ್ಲ. ಬರೀತಾ ಹೋದ್ರೆ ಗೊತ್ತಾಗುತ್ತೆ.

*

ಮೊದಲು ಜಾಗದ ವಿಷಯ, ಹೋಗೋರಿಗೆ ಉಪಯೋಗಕ್ಕೆ ಬರಲಿ. ಬೇ ಏರಿಯಾದಿಂದ ಯೊಸೆಮಿಟಿ ಒಳಗಿನಿಂದ ಟಯೋಗ ಪಾಸ್ ದಾಟಿದ್ರೆ ಆ ಕಡೆ ಮೋನೋ ಲೇಕ್ ಸಿಗುತ್ತೆ (ಹಿಮ ಕರಗೋವರೆಗೆ ಈ ದಾರಿ ಮುಚ್ಚಿರುತ್ತೆ, ಜೂನ್‌ಗೆ ಮುಂಚೆ ನಂಬ್ಕೊಂಡು ಹೊರಡಬೇಡಿ). ಅಲ್ಲಿಂದ 395ನೇ ಹೆದ್ದಾರೀಲಿ ದಕ್ಷಿಣಕ್ಕೆ ಹೋಗ್ತಾ ಜೂನ್ ಲೇಕ್, ಸಿಲ್ವರ್ ಲೇಕ್, ಗ್ರಾಂಟ್ ಲೇಕ್‌ಗಳ ಗುಂಪು, ಆಮೇಲೆ ಮ್ಯಾಮತ್. ಊರಿನ ಮೇಲ್ಗಡೆ ಟ್ವಿನ್ ಲೇಕ್ಸ್, ಲೇಕ್ ಮೇರಿ, ಲೇಕ್ ಜಾರ್ಜ್. ಸಣ್ಣ ಮಕ್ಕಳಿದ್ರೆ ಇವೇ ಸಾಕು, ದಡದಲ್ಲೇ ಕೂತು ಗಾಳ ಹಾಕಬಹುದು. ಸ್ವಲ್ಪ ಮುಂದೆ ಕಾನ್ವಿಕ್ಟ್ ಲೇಕ್. 1871ರಲ್ಲಿ ನೆವಾಡದ ಜೈಲಿನಿಂದ ತಪ್ಪಿಸಿಕೊಂಡ ಕೈದಿಗಳು ಅಲ್ಲಿ ಸೇರ್ಕೊಂಡಿದ್ದಕ್ಕೆ ಆ ಹೆಸರು. ಇನ್ನೂ ಮುಂದೆ ಕ್ರೌಲಿ ಲೇಕ್. ಅದು ಲಾಸ್ ಏಂಜಲೀಸ್ ನಗರ ಕುಡಿಯೋ ನೀರಿಗೆ 1941ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು.

ಈಗ ನಿಯಮ. ಹದಿನಾರು ವರ್ಷ ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕು. ಒಂದು ದಿನ, ಎರಡು ದಿನ, ಒಂದು ವರ್ಷದ್ದು ಸಿಗುತ್ತೆ, ಆನ್‌ಲೈನ್‌ನಲ್ಲೇ ತಗೋಬಹುದು. ಮುಂಚೆ ವರ್ಷದ ಲೈಸೆನ್ಸ್ ಯಾವಾಗ ತಗೊಂಡ್ರೂ ಡಿಸೆಂಬರ್ 31ಕ್ಕೆ ಮುಗೀತಿತ್ತು, 2023ರಿಂದ ಕೊಂಡ ದಿನದಿಂದ 365 ದಿನ. ಮಾಮೂಲಿ ಕೆರೆಗಳಲ್ಲಿ ಒಬ್ಬರಿಗೆ ದಿನಕ್ಕೆ ಐದು ಟ್ರೌಟ್, ಕೈಯಲ್ಲಿ ಒಟ್ಟು ಹತ್ತು. ಮನೆ ಫ್ರೀಜರ್‌ನಲ್ಲಿ ಇಟ್ಟಿದ್ದೂ ಆ ಹತ್ತರ ಲೆಕ್ಕಕ್ಕೇ ಬರುತ್ತೆ! ಈ ಕೌಂಟಿಯ ಹೆಚ್ಚಿನ ಕೆರೆಗಳಲ್ಲಿ ಏಪ್ರಿಲ್ ಕೊನೆಯ ಶನಿವಾರ ಶುರುವಾಗಿ ನವೆಂಬರ್ 15ಕ್ಕೆ ಮುಗಿಯುತ್ತೆ. ಆ ಮೊದಲ ದಿನವನ್ನ ಕ್ರಿಸ್‌ಮಸ್ ಥರ 'ಫಿಶ್‌ಮಸ್' ಅಂತಾರೆ. ಒಂದೊಂದು ಹೊಳೆಗೂ ಬೇರೆ ಬೇರೆ ನಿಯಮ ಇರೋದ್ರಿಂದ ಹೋಗೋ ಮುಂಚೆ ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ. ನಮ್ಮ ಪ್ರಾಜೆಕ್ಟಿನ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ಗಿಂತ ಉದ್ದ ಇದೆ, ಆದ್ರೆ ಅದಕ್ಕಿಂತ ಸ್ಪಷ್ಟವಾಗಿದೆ :)

ನಾವು ಹೋಗಿದ್ದು ಹಾಟ್ ಕ್ರೀಕ್‌ಗೆ. ಹೆಸರೇ ಹೇಳೋ ಹಾಗೆ ನೆಲದೊಳಗಿನ ಬಿಸಿನೀರು ಬಂದು ಸೇರೋ ಹೊಳೆ. ಒಂದು ಕಡೆ ನೀರು ಕೊತ ಕೊತ ಕುದೀತಾ ಇರುತ್ತೆ, ಅದರ ಮೇಲ್ಗಡೆ ತಣ್ಣಗಿನ ಭಾಗದಲ್ಲಿ ಪಾಚಿ ಮಧ್ಯೆ ಟ್ರೌಟ್ ಓಡಾಡ್ತಿರುತ್ತೆ. ಇಲ್ಲಿ ವರ್ಷಪೂರ್ತಿ ಗಾಳ ಹಾಕಬಹುದು, ಆದ್ರೆ ಮನೆಗೆ ಒಯ್ಯೋ ಮೀನಿನ ಲೆಕ್ಕ ಸೊನ್ನೆ. ಎರೆಹುಳ ಹಾಕೋ ಹಾಗಿಲ್ಲ, ದಾರ ಪುಕ್ಕ ಸುತ್ತಿ ಮಾಡಿದ ಹುಸಿ ಹುಳ ಮಾತ್ರ. ಕೊಕ್ಕೆಯ ತುದಿ ಹತ್ರ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು ಇರುತ್ತಲ್ಲ, ಸಿಕ್ಕಿದ ಮೀನು ಕಳಚಿಕೊಳ್ಳದ ಹಾಗೆ? ಆ ಮುಳ್ಳೂ ಇರಬಾರದು.

ನನಗೆ ಈ ಕೊನೇದು ಗೊತ್ತಿರಲಿಲ್ಲ. ಅಂಗಡೀಲಿ ಕೊಂಡಿದ್ದನ್ನ ಹಾಗೇ ಕಟ್ಟಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜ ಒಬ್ಬರು ಬಂದು, ಯಾವ ಹುಳ ಹಾಕಿದ್ದೀಯ ನೋಡೋಣ ಅಂದ್ರು. ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಏನೂ ಹೇಳದೆ ಜೇಬಿನಿಂದ ಪುಟ್ಟ ಇಕ್ಕಳ ತೆಗೆದು, ಆ ಮುಳ್ಳನ್ನ ಒತ್ತಿ ಚಪ್ಪಟೆ ಮಾಡಿ ವಾಪಸ್ ಕೊಟ್ರು. "ಈಗ ಸರಿ ಆಯ್ತು" ಅಂದ್ರು ಅಷ್ಟೆ. ಬೈಲಿಲ್ಲ, ಉಪದೇಶ ಮಾಡಲಿಲ್ಲ. ಸುತ್ತ ಒಬ್ಬ ಪೊಲೀಸ್ ಇಲ್ಲ, ವಾರ್ಡನ್ ಇಲ್ಲ, ಕ್ಯಾಮೆರಾ ಇಲ್ಲ. ನನಗೆ ಕಿವಿ ಬಿಸಿಯಾಯ್ತು. ಹೊಳೆ ಬಿಸಿ ಇತ್ತಲ್ಲ, ಅದಕ್ಕೇ ಇರಬೇಕು ಅಂತ ರೂಮ್‌ಮೇಟು ನಕ್ಕ.

ಒಂದು ಗಂಟೆ ಕಳೆದು ಸಿಕ್ಕಿತು ನೋಡಿ, ಮೊಳದುದ್ದದ ಬ್ರೌನ್ ಟ್ರೌಟ್. ಮೈತುಂಬ ಕಪ್ಪು ಕೆಂಪು ಚುಕ್ಕೆ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಹಿಡಿದು, ಕೊಕ್ಕೆ ಅಲ್ಲಾಡಿಸಿದ ತಕ್ಷಣ ಕಳಚಿಕೊಂಡು ಬಂತು. ಆ ಮುಳ್ಳು ಇದ್ದಿದ್ರೆ ತುಟಿ ಹರೀತಿತ್ತು. ಎರಡು ಸಲ ಬಾಲ ಅಲ್ಲಾಡಿಸಿ ಹೋಯ್ತು. ಹಾಗೇ ನೋಡ್ತಾ ನಿಂತಿದ್ದೆ.

*

ವಾಪಸ್ ಬರ್ತಾ ಮೋನೋ ಲೇಕ್ ಹತ್ರ ಕಾರು ನಿಲ್ಲಿಸಿದ್ವಿ. ಅಲ್ಲಿನ ಫಲಕಗಳನ್ನ ಓದಿ, ಮನೆಗೆ ಬಂದ ಮೇಲೆ ಹುಡುಕಿ ಹುಡುಕಿ ತಿಳ್ಕೊಂಡ ಕಥೆ ಇದು. ಇದನ್ನ ಹೇಳೋಕೇ ಇಷ್ಟುದ್ದ ಪೀಠಿಕೆ ಹಾಕಿದ್ದು.

ಲಾಸ್ ಏಂಜಲೀಸ್ ನಗರ ಈ ಕಣಿವೆಯ ನೀರನ್ನ ಕಾಲುವೆ ಮಾಡಿ ಒಯ್ಯೋಕೆ ಶುರು ಮಾಡಿದ್ದು 1913ರಲ್ಲಿ. 1941ರಲ್ಲಿ ಅದನ್ನ ಇನ್ನೂ ಉತ್ತರಕ್ಕೆ, ಮೋನೋ ಲೇಕ್‌ಗೆ ಬಂದು ಸೇರ್ತಿದ್ದ ತೊರೆಗಳವರೆಗೂ ಚಾಚಿದ್ರು. ಅದರಲ್ಲಿ ದೊಡ್ಡದು ರಶ್ ಕ್ರೀಕ್. ಗ್ರಾಂಟ್ ಲೇಕ್ ಅಣೆಕಟ್ಟಿನಲ್ಲಿ ಅದನ್ನ ತಡೆದು ತಿರುಗಿಸಿದ ಮೇಲೆ ಕೆಳಗಿನ ಹೊಳೆ ಒಣಗ್ತಾ ಬಂತು. ಒಳ್ಳೇ ಟ್ರೌಟ್‌ಗೆ ಹೆಸರಾಗಿದ್ದ ಹೊಳೆ ಅದು. ದಡದ ಮರಗಳೂ ಒಣಗಿದ್ವು. 1982ರ ಹೊತ್ತಿಗೆ ಮೋನೋ ಲೇಕ್ ಸುಮಾರು 45 ಅಡಿ ಇಳಿದಿತ್ತು, ಉಪ್ಪಿನಂಶ ಹತ್ತಿರ ಹತ್ತಿರ ಎರಡು ಪಟ್ಟು ಆಗಿತ್ತು.

ತಮಾಷೆ ಏನಂದ್ರೆ ಹೀಗೆ ಮಾಡಬಾರದು ಅಂತ ಕಾನೂನು ಮೊದಲೇ ಇತ್ತು! ರಾಜ್ಯದ ಮೀನು ಮತ್ತು ಬೇಟೆ ಸಂಹಿತೆಯಲ್ಲಿ ಈಗ 5937ನೇ ಸೆಕ್ಷನ್ ಅಂತ ಕರೆಯೋದು 1930ರ ದಶಕದಿಂದಲೂ ಇದೆ. ಸಾರಾಂಶ ಇಷ್ಟು: ಅಣೆಕಟ್ಟು ಯಾರದ್ದೇ ಇರಲಿ, ಅದರ ಕೆಳಗಿರೋ ಮೀನು ಚೆನ್ನಾಗಿ ಬದುಕೋವಷ್ಟು ನೀರು ಹರಿಯೋಕೆ ಬಿಡಬೇಕು.

ಹಾಗಾದ್ರೆ ಹೊಳೆ ಒಣಗಿದ್ದು ಹೇಗೆ? 1940ರಲ್ಲಿ ನಗರಕ್ಕೂ ಮೀನುಗಾರಿಕೆ ನೋಡ್ಕೊಳ್ಳೋ ಸರ್ಕಾರದ ಆಯೋಗಕ್ಕೂ ಒಂದು ಒಪ್ಪಂದ ಆಯ್ತು. ಗ್ರಾಂಟ್ ಲೇಕ್ ಮತ್ತೆ ಈಗಿನ ಕ್ರೌಲಿ ಲೇಕ್ ಅಣೆಕಟ್ಟುಗಳಲ್ಲಿ ಮೀನು ಹತ್ತೋಕೆ ದಾರಿ ಮಾಡೋದರ ಬದಲು ನಗರ ಒಂದು ಮೀನುಮರಿ ಕೇಂದ್ರ ಕಟ್ಟಿಕೊಡೋದು ಅಂತ. ಆ ಕೇಂದ್ರ ಎಲ್ಲಿದೆ ಗೊತ್ತಾ? ಹಾಟ್ ಕ್ರೀಕ್‌ನಲ್ಲಿ. ನಾನು ಹೆಮ್ಮೆಯಿಂದ ಗಾಳ ಹಿಡಿದು ನಿಂತಿದ್ನಲ್ಲ, ಅದರ ಸ್ವಲ್ಪ ಮೇಲ್ಗಡೆ. ಆ ಸಿಮೆಂಟ್ ತೊಟ್ಟಿಗಳನ್ನ ನೋಡಿ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಫೋಟೋ ಬೇರೆ ತೆಗೆದಿದ್ದೆ.

ಆಮೇಲೆ ನಡೆದದ್ದು ಪವಾಡದ ಥರ ಇದೆ. 1982-83ರ ಚಳಿಗಾಲದಲ್ಲಿ ಭಾರಿ ಹಿಮ ಬಿತ್ತು. ಗ್ರಾಂಟ್ ಲೇಕ್ ತುಂಬಿ, ನೀರು ಕೋಡಿ ಬಿದ್ದು ಒಣಗಿದ ರಶ್ ಕ್ರೀಕ್‌ಗೆ ಇಳೀತು. ನೀರಿನ ಜೊತೆ ಟ್ರೌಟೂ ಇಳಿದು ಬಂದ್ವು. 1984ರಲ್ಲಿ ಮತ್ತೆ ನೀರು ನಿಲ್ಲಿಸೋ ಮಾತು ಬಂದಾಗ, ಅಲ್ಲಿ ಗಾಳ ಹಾಕ್ತಿದ್ದ ಸ್ಥಳೀಯರು ಆ ಮೀನುಗಳನ್ನ ತೋರಿಸಿ ಕೋರ್ಟಿಗೆ ಹೋದ್ರು. ಕೆಳಗೆ ಮೀನಿದೆ, ಕಾನೂನಿನ ಪ್ರಕಾರ ನೀರು ಬಿಡಲೇಬೇಕು ಅಂತ. ನೀರು ನಿಲ್ಲಿಸಬಾರದು ಅಂತ ಆದೇಶ ಬಂತು. ಅದಕ್ಕೆ ಮುಂಚೆ 1983ರಲ್ಲೇ, ಮೋನೋ ಲೇಕ್ ಉಳಿಸಬೇಕು ಅಂತ ಹೋರಾಡ್ತಿದ್ದೋರ ಇನ್ನೊಂದು ಕೇಸಿನಲ್ಲಿ, ಇಂಥ ಕೆರೆ ಹೊಳೆಗಳು ಜನರ ಸೊತ್ತು, ಸರ್ಕಾರ ಬರೀ ಟ್ರಸ್ಟಿ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತ್ತು. 1989ರಲ್ಲಿ 'ಕ್ಯಾಲಿಫೋರ್ನಿಯಾ ಟ್ರೌಟ್' ಅನ್ನೋ ಸಂಘ ಮುಂದೆ ನಿಂತ ಕೇಸಿನಲ್ಲಿ, ನಗರದ ನೀರಿನ ಲೈಸೆನ್ಸುಗಳೂ ಆ ಸೆಕ್ಷನ್‌ಗೆ ತಲೆಬಾಗಬೇಕು ಅಂತ ತೀರ್ಪಾಯ್ತು. ಕೊನೆಗೆ 1994ರಲ್ಲಿ ರಾಜ್ಯದ ಜಲಮಂಡಳಿ ನಾಲ್ಕು ತೊರೆಗಳಿಗೂ ಕನಿಷ್ಠ ಇಷ್ಟು ನೀರು ಅಂತ ನಿಗದಿ ಮಾಡಿ, ಮೋನೋ ಲೇಕ್ ಸಮುದ್ರಮಟ್ಟದಿಂದ 6392 ಅಡಿಗೆ ಏರಬೇಕು ಅಂತ ಹೇಳಿತು. ಕೆರೆ ಇವತ್ತಿಗೂ ಆ ಮಟ್ಟ ಮುಟ್ಟಿಲ್ಲ, ಅದು ಬೇರೆ ಜಗಳ. ಆದ್ರೆ ರಶ್ ಕ್ರೀಕ್ ಹರೀತಿದೆ. 395ನೇ ಹೆದ್ದಾರಿ ಅದರ ಮೇಲೇ ದಾಟುತ್ತೆ. ನಾನು ಕಣ್ಣಾರೆ ನೋಡಿದೆ.

ಗಮನಿಸಿ, ಕಾನೂನು ಸುಮಾರು ಅರ್ಧ ಶತಮಾನ ಪುಸ್ತಕದಲ್ಲೇ ಇತ್ತು. ಮಂತ್ರಿಗಳಿಗೂ ಎಂಜಿನಿಯರ್‌ಗಳಿಗೂ ಗೊತ್ತಿತ್ತು. ಅದಕ್ಕೆ ಜೀವ ಬಂದದ್ದು, ಆ ಹೊಳೇಲಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲೋ ಅಭ್ಯಾಸ ಇದ್ದ ಜನ "ಇಲ್ಲಿ ಮೀನಿದೆ ಸ್ವಾಮೀ" ಅಂದಾಗ. ಇದು ಅಮ್ಮನ ಪ್ರಶ್ನೆಗೆ ನನ್ನ ಮೊದಲ ಉತ್ತರ. ಹಿಡಿದು ಬಿಡೋನು ಮುಂದಿನ ವರ್ಷ ಮತ್ತೆ ಬಂದು ನೋಡ್ತಾನೆ. ಇಲ್ಲದೆ ಹೋದ್ರೆ ಅವನಿಗೇ ಮೊದಲು ಗೊತ್ತಾಗುತ್ತೆ.

*

ಇನ್ನು ಅಪ್ಪಯ್ಯನ ಮಾತು. ಅದನ್ನ ತಳ್ಳಿ ಹಾಕೋಕೆ ಆಗಲ್ಲ. ಮೀನಿಗೆ ನೋವಾಗುತ್ತೆ, ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ವೆ ಕೂಡ. ಹಸಿವಿಗೆ ಹಿಡಿದು ತಿನ್ನೋನಿಗಿಂತ ಮೋಜಿಗೆ ಹಿಡಿದು ಬಿಡೋನು ದೊಡ್ಡೋನು ಅಂತ ನಾನಂತೂ ಹೇಳಲ್ಲ.

ಅಷ್ಟೇ ಅಲ್ಲ, ಈ ಟ್ರೌಟ್ ಮಹಾಶಯರು ಮೋನೋ ಲೇಕ್ ತೊರೆಗಳಿಗೆ ಮೂಲನಿವಾಸಿಗಳೇ ಅಲ್ಲ. ಅಲ್ಲಿ ಮೊದಲು ಮೀನೇ ಇರಲಿಲ್ಲ, ಜನ ತಂದು ಬಿಟ್ಟಿದ್ದು. ನಾನು ಹಿಡಿದ ಬ್ರೌನ್ ಟ್ರೌಟ್ ಯೂರೋಪಿನಿಂದ ಬಂದ ವಂಶ. ಸಿಯೆರಾದ ಎತ್ತರದ ಕೆರೆಗಳಲ್ಲೂ ಹೆಚ್ಚಿನವಲ್ಲಿ ಮೀನಿರಲಿಲ್ಲ. ಹೇಸರಗತ್ತೆ ಮೇಲೆ ಹೊತ್ತು, ಆಮೇಲೆ ವಿಮಾನದಿಂದ ಸುರಿದು ತುಂಬಿಸಿದ್ರು. ಆ ಕೆರೆಗಳಲ್ಲಿ ಹಳದಿ ಕಾಲಿನ ಒಂದು ಕಪ್ಪೆ ಇತ್ತು. ಅದರ ಗೊದಮೊಟ್ಟೆ ಕಪ್ಪೆಯಾಗೋಕೆ ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಟ್ರೌಟ್ ನುಂಗಿ ಹಾಕುತ್ತೆ. ಮೇಲಿಂದ ಶಿಲೀಂಧ್ರದ ರೋಗ ಬೇರೆ. 2014ರಲ್ಲಿ ಆ ಕಪ್ಪೆ ಅಳಿವಿನಂಚಿನ ಪಟ್ಟಿಗೆ ಸೇರಿತು. ಈಗ ಕೆಲವು ಕೆರೆಗಳಿಂದ ಟ್ರೌಟ್ ತೆಗೆದುಹಾಕ್ತಿದ್ದಾರೆ, ಅಲ್ಲಿ ಕಪ್ಪೆ ವಾಪಸ್ ಬರ್ತಿದೆ. ಅಂದ್ರೆ ಗಾಳ ಹಿಡಿದೋರೆಲ್ಲ ಸಾಧುಗಳಲ್ಲ. ಅವರ ಆಸೆಯೇ ಒಂದು ಕಡೆ ಹೊಳೆ ಉಳಿಸಿದೆ, ಇನ್ನೊಂದು ಕಡೆ ಕಪ್ಪೆ ಅಳಿಸಿದೆ.

ಆದ್ರೂ ನಾನು ಈ ಕಡೆಗೇ ವಾಲ್ತೀನಿ, ನಮ್ಮ ಕಾವೇರಿ ಕಾರಣಕ್ಕೆ. ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರ್ ಹಿಡಿದು ಬಿಡೋ ಕ್ಯಾಂಪ್‌ಗಳಿದ್ವು, ಕೇಳಿರ್ತೀರಿ. ಅಲ್ಲಿನೋರು ಅದನ್ನ ಬಿಳಿಮೀನು ಅಂತಾರೆ. ವನ್ಯಜೀವಿ ಕಾಯ್ದೆಯ ಕಾರಣಕ್ಕೆ ಕಾವೇರಿ ವನ್ಯಧಾಮದೊಳಗೆ ಆ ಆಟ ನಿಂತು ದಶಕದ ಮೇಲಾಯ್ತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಯಾವ ಮೀನು ಎಷ್ಟು ಸಿಕ್ತು ಅಂತ ಗಾಳದೋರು ಬರೆದಿಟ್ಟ ಲೆಕ್ಕ ಇತ್ತು. ವಿಜ್ಞಾನಿಗಳು 2015ರಲ್ಲಿ ಅದನ್ನ ವಿಶ್ಲೇಷಿಸಿದಾಗಲೇ ಹೊರಬಿದ್ದದ್ದು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗಿದೆ, ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ಹೇಳಹೆಸರಿಲ್ಲದ ಹಾಗೆ ಆಗಿದೆ. ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಒಳ್ಳೇ ಉದ್ದೇಶದಿಂದಲೇ ಬಿಟ್ಟ ಮರಿಗಳು ಅವು. ಹಾಟ್ ಕ್ರೀಕ್ ಒಪ್ಪಂದದಲ್ಲೂ ಅದೇ ಲೆಕ್ಕಾಚಾರ ಇತ್ತು. ಮೀನು ಕಮ್ಮಿಯಾದ್ರೆ ಮರಿ ತಂದು ಬಿಟ್ರಾಯ್ತು, ನೀರಿನ ಮಾತು ಎತ್ತೋದು ಬೇಡ.

ಕಾವೇರಿಯಲ್ಲಿ ಗಾಳ ನಿಂತಿತು, ಒಳ್ಳೇದೇ ಇರಬಹುದು. ಆದ್ರೆ ಆ ಲೆಕ್ಕದ ಪುಸ್ತಕವೂ ನಿಂತಿತಲ್ಲ. ಅದರ ಜಾಗದಲ್ಲಿ ನಾವೇನು ಇಟ್ವಿ?

*

ಕೊನೇದಾಗಿ ನಮ್ಮೂರ ಹಳ್ಳ. ಬರೆಯೋಕೆ ಸ್ವಲ್ಪ ಮುಜುಗರ.

ಮಲೆನಾಡಿನೋರಿಗೆ ಹತ್ತುಮೀನು ಗೊತ್ತಿರುತ್ತೆ. ಮುಂಗಾರಿನ ಮೊದಲ ಜಡಿಮಳೆಗೆ ಮೊಟ್ಟೆ ಇಡೋಕೆ ಅಂತ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುತ್ತೆ. ಟಾರ್ಚು, ಕತ್ತಿ, ಗೋಣಿಚೀಲ ಹಿಡ್ಕೊಂಡು ರಾತ್ರಿ ಇಡೀ ಗದ್ದೆ ಬದುವಿನ ಮೇಲೆ ಓಡಾಟ. ನೀರು ಬೀಳೋ ಕಡೆ ಕೂಣಿ. ಚಿಕ್ಕಪ್ಪನ ಹಿಂದೆ ಜಾರಿ ಬೀಳ್ತಾ ಓಡಿದ ಆ ರಾತ್ರಿಗಳಿಗಿಂತ ಖುಷಿ ನನಗೆ ಯಾವ ಡಿಸ್ನಿಲ್ಯಾಂಡಲ್ಲೂ ಸಿಕ್ಕಿಲ್ಲ. ಬೆಳಿಗ್ಗೆ ಅಮ್ಮ ಮೀನು ಕೊಯ್ದ್ರೆ ಹೊಟ್ಟೆ ತುಂಬ ಮೊಟ್ಟೆ. ಮೊಟ್ಟೆ ಹುರಿದಿದ್ದು ಮಕ್ಕಳಿಗೆ.

ಮೀನು ಮೊಟ್ಟೆ ಇಡೋ ಕಾಲ ನೋಡಿ ಗಾಳ ನಿಲ್ಲಿಸೋ ನಿಯಮ ಇಲ್ಲಿ ಕೆಲವು ಹೊಳೆಗಳಿಗಿದೆ. ನಾವು ಸರಿಯಾಗಿ ಅದೇ ರಾತ್ರಿ ಹೊರಡ್ತೀವಿ! ಹಿಂದೆ ಹೊಳೆ ತುಂಬ ಮೀನಿತ್ತು, ನಡೀತು. ಆಮೇಲೆ ತೋಟೆ ಬಂತು, ಬ್ಲೀಚಿಂಗ್ ಪೌಡರ್ ಬಂತು. ತೋಟೆ ಹೊಡೆಯೋದು, ವಿಷ ಹಾಕೋದು ಅಪರಾಧ ಅಂತ 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆ ಇದೆ ಅಂತ ನನಗೆ ಗೊತ್ತಾದದ್ದು ಈ ಎರಡು ವಾರದಲ್ಲಿ. ನಮ್ಮೂರಲ್ಲಿ ಯಾರಾದ್ರೂ ಓದಿದ್ದಾರಾ ಅಂತ ಕೇಳಲೇಬೇಡಿ.

ಇದೆಲ್ಲಕ್ಕಿಂತ ಕಹಿ ವಿಷಯ ಇನ್ನೊಂದಿದೆ. ಈಗ ಮಾರ್ಚ್ ಬಂದ್ರೆ ನಮ್ಮ ಹಳ್ಳದಲ್ಲಿ ನೀರೇ ಇರಲ್ಲ. ಎರಡೂ ದಡದ ಅಡಿಕೆ ತೋಟದೋರು ಪಂಪ್ ಇಟ್ಟು ಗುಂಡಿ ಗುಂಡಿಯನ್ನೂ ಬಸಿದು ಬಿಡ್ತಾರೆ. ಬೇಸಿಗೆ ಕಳೆಯೋಕೆ ಮೀನಿಗೆ ಇದ್ದದ್ದು ಆ ಗುಂಡಿಗಳು ಮಾತ್ರ. ಅದರಲ್ಲಿ ಒಂದು ಐದು ಎಚ್‌ಪಿ ಪಂಪು ನಮ್ಮನೇದು. ಆ ಪಂಪಿನ ದುಡ್ಡಲ್ಲೇ ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದು. ಲಾಸ್ ಏಂಜಲೀಸ್ ಹೀಗೆ ಮಾಡಿತು ಹಾಗೆ ಮಾಡಿತು ಅಂತ ಮೇಲೆ ಬರೆದ್ನಲ್ಲ, ನಮ್ಮ ಹಳ್ಳದ ಪಾಲಿನ ಲಾಸ್ ಏಂಜಲೀಸ್ ನಾವೇ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಅಪ್ಪಯ್ಯನ ಹತ್ರ ಮಾತೆತ್ತಿದೆ. ತೋಟದ ಕೆಳಗಿನ ದೊಡ್ಡ ಗುಂಡಿ ಒಂದಕ್ಕೆ ಯಾರೂ ಪೈಪ್ ಇಳಿಸಬಾರದು, ಮೊದಲ ಮಳೆಯ ನಾಲ್ಕು ದಿನ ಹತ್ತುಮೀನು ಹಿಡಿಯಬಾರದು, ಆಮೇಲೆ ಹಿಡೀಲಿ. ಅಕ್ಕಪಕ್ಕದ ಏಳೆಂಟು ಮನೆಯೋರು ಕೂತು ಮಾತಾಡಿ ಇಷ್ಟು ನಿಯಮ ಮಾಡ್ಕೊಂಡ್ರೆ ಸಾಕಲ್ವಾ ಅಂದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನು ಅಂತ ಮುಟ್ಟದೆ ಕಾಪಾಡ್ಕೊಂಡು ಬಂದಿರೋ ಜನ ನಾವು. ದೇವಸ್ಥಾನ ಇಲ್ಲದ ಗುಂಡಿಗೂ ಅಷ್ಟು ಮರ್ಯಾದೆ ಕೊಡೋಕೆ ಆಗಲ್ವಾ?

"ಏಪ್ರಿಲ್‌ನಲ್ಲಿ ತೋಟ ಒಣಗಿದ್ರೆ ನಿನ್ನ ಮೀನು ಬಂದು ನೀರು ಹಾಕ್ತದಾ?" ಅಂದ್ರು. ನ್ಯಾಯವಾದ ಪ್ರಶ್ನೆ. ಇಲ್ಲಿ ಕೂತು ನಿಯಮ ಹೇಳೋದು ನನಗೆ ಸುಲಭ. ಡ್ರಿಪ್ ಹಾಕಿಸೋಕೆ ಎಷ್ಟು ಖರ್ಚಾಗುತ್ತೆ ಕೇಳಿ, ನಾನು ಕಳಿಸ್ತೀನಿ ಅಂದೆ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಫೋನ್ ಇಡೋ ಮುಂಚೆ, "ಆ ಗುಂಡೀಲಿ ಹಿಂದೆ ಕೈಯುದ್ದದ ಕುಚ್ಚುಮೀನು ಇದ್ವು ಕಣಾ" ಅಂದ್ರು.

ಅಮ್ಮಾ, ಹಿಡಿದು ಬಿಡೋದ್ಯಾಕೆ ಅಂದ್ಯಲ್ಲ. ನನಗೆ ಇಷ್ಟೇ ಗೊತ್ತಾಗಿದ್ದು: ಅವತ್ತು ಆ ಅಜ್ಜ ಇಕ್ಕಳ ತೆಗೀದೆ ಹೋಗಿದ್ರೆ, ನಮ್ಮನೆ ಪಂಪಿನ ವಿಷಯ ನನ್ನ ತಲೆಗೆ ಬರ್ತಾನೇ ಇರಲಿಲ್ಲ.

ನಿಮ್ಮೂರ ಹಳ್ಳ, ಕೆರೆ, ಹೊಳೆಗಳಲ್ಲಿ ಹೀಗೆ ಜನರೇ ಮಾಡ್ಕೊಂಡ ಕಟ್ಟುಪಾಡು ಏನಾದ್ರೂ ಇದ್ಯಾ? ಅಥವಾ ಹಿಂದೆ ಇತ್ತಾ? ಗೊತ್ತಿದ್ರೆ ದಯವಿಟ್ಟು ಬರೆಯಿರಿ. ಅಪ್ಪಯ್ಯನಿಗೆ ಓದಿ ಹೇಳೋಕೆ ಬೇಕು :)